ರಿಟರ್ನ್ ಬಂದ ಪಂಪುಗಳ ಕೋಣೆಯಲ್ಲಿ

ನಾನು ಕೆಲಸ ಮಾಡುವುದು ಒಂದು ದೊಡ್ಡ ವೈದ್ಯಕೀಯ ಉಪಕರಣ ಕಂಪನಿಯಲ್ಲಿ. ಹೀಗಂದ ಕೂಡಲೇ ಜನ ರೋಬೋಟ್ ಸರ್ಜರಿ, ಕೃತಕ ಹೃದಯ ಅಂತ ಏನೇನೋ ಊಹಿಸಿಕೊಳ್ಳುತ್ತಾರೆ. ನನ್ನದು ಅಷ್ಟು ಚಂದದ ಜಾಗ ಅಲ್ಲ. ಆಸ್ಪತ್ರೆಗಳಿಂದ "ಇದು ಸರಿಯಿಲ್ಲ" ಅಂತ ವಾಪಸ್ ಬರುವ ಇನ್ಫ್ಯೂಷನ್ ಪಂಪುಗಳನ್ನು ಬಿಚ್ಚಿ, ಏನಾಗಿತ್ತು ಅಂತ ಹುಡುಕುತ್ತೇನೆ. ಡ್ರಿಪ್ ಬಾಟಲಿಯ ಪಕ್ಕದಲ್ಲಿ ಕಂಬಕ್ಕೆ ಸಿಕ್ಕಿಸಿರುವ, ಆಗಾಗ ಕೂಗುವ ಪೆಟ್ಟಿಗೆಯೊಂದನ್ನು ನೋಡಿರುತ್ತೀರಿ, ಅಲ್ವಾ? ಅದೇ. ಗಂಟೆಗೆ ಇಷ್ಟು ಮಿಲಿಲೀಟರ್ ಅಂತ ಒತ್ತಿದರೆ, ಅಷ್ಟೇ ಔಷಧಿಯನ್ನು ರಕ್ತನಾಳಕ್ಕೆ ತಳ್ಳುವ ಯಂತ್ರ.

ಇಲ್ಲಿಗೆ ಬರುವ ಮೊದಲು ಮೊಬೈಲ್ ಆಪ್ ಮಾಡುವ ಕಂಪನಿಯಲ್ಲಿದ್ದೆ. ಅಲ್ಲಿ ಬೆಳಗ್ಗೆ ಬಗ್ ಸಿಕ್ಕರೆ ಸಂಜೆಗೆ ಸರಿಯಾಗಿರುತ್ತಿತ್ತು. ಇಲ್ಲಿ ಮೊದಲ ಎರಡು ತಿಂಗಳು ಓದಿದ್ದೇ ಓದಿದ್ದು. ಒಂದೊಂದು ದಾಖಲೆ ಓದಿ, "ಓದಿದ್ದೇನೆ, ಅರ್ಥವಾಗಿದೆ" ಅಂತ ಸಹಿ ಹಾಕಬೇಕು. ಹಳಬರ ಮಾತಿನ ತುಂಬ ಬರೀ ನಂಬರ್‌ಗಳು, ಎಲ್ಲ ಅಂತಾರಾಷ್ಟ್ರೀಯ ಮಾನದಂಡಗಳದ್ದು. 13485 ಅಂದರೆ ಗುಣಮಟ್ಟದ ವ್ಯವಸ್ಥೆ, 14971 ಅಂದರೆ ಅಪಾಯಗಳ ಲೆಕ್ಕ, 62304 ಅಂದರೆ ಸಾಫ್ಟ್‌ವೇರ್. ನೆಂಟರ ಹೆಸರು ಹೇಳಿದ ಹಾಗೆ ಹೇಳುತ್ತಾರೆ. ಅದರಲ್ಲೂ ನನ್ನ ತಲೆ ತಿರುಗಿಸಿದ್ದು ಕ್ಲಾಸ್‌ಗಳು. ಔಷಧಿ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಲೆಕ್ಕದಲ್ಲಿ ಕ್ಲಾಸ್ 3 ಉಪಕರಣ ಅಂದರೆ ಅತಿ ಹೆಚ್ಚು ಅಪಾಯದ್ದು. ಅದೇ ಎಫ್‌ಡಿಎ ಮಾರುಕಟ್ಟೆಯಿಂದ ವಾಪಸ್ ಕರೆಸುವ ವಿಷಯಕ್ಕೆ ಬಂದರೆ, ಕ್ಲಾಸ್ 1 ರೀಕಾಲ್ ಅತಿ ಗಂಭೀರವಾದದ್ದು. ಒಂದೇ ಕಚೇರಿ, ಎರಡು ಏಣಿ, ಒಂದನ್ನು ತಲೆಕೆಳಗಾಗಿ ನಿಲ್ಲಿಸಿದ್ದಾರೆ. ಮೀಟಿಂಗ್‌ನಲ್ಲಿ ನಾನು ಎರಡನ್ನೂ ಕಲಸಿ ಮಾತಾಡಿ ನಗೆಪಾಟಲಾಗಿದ್ದೇನೆ.

ಬರೆಯುವುದನ್ನೂ ಹೊಸದಾಗಿ ಕಲಿತೆ. ತಪ್ಪಾದರೆ ಅಳಿಸುವ ಹಾಗಿಲ್ಲ. ಹಳೆಯದು ಓದಲು ಸಿಗುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ಮೊದಲ ವಾರವೇ ನಾನು 3 ಅನ್ನು ತಿದ್ದಿ 8 ಮಾಡಿದ್ದೆ. ಅದೊಂದು ಅಂಕಿಗೆ ಅರ್ಧ ಪುಟ ವಿವರಣೆ ಬರೆಯಬೇಕಾಯಿತು. ಆಗ ಸಿಟ್ಟು ಬಂದಿತ್ತು. ಈಗ ಬೇರೆಯವರು ಹೀಗೆ ಮಾಡಿದರೆ ನನಗೇ ಮೈ ಉರಿಯುತ್ತದೆ.

ಇನ್ನು ಗಡಿಯಾರ. ಉಪಕರಣದಿಂದ ಯಾರಿಗಾದರೂ ಗಂಭೀರ ಹಾನಿ ಆಗಿರಬಹುದು ಅನಿಸಿದರೆ ತಯಾರಕರು 30 ದಿನದೊಳಗೆ ಎಫ್‌ಡಿಎಗೆ ತಿಳಿಸಬೇಕು. ಹಾನಿ ಆಗದಿದ್ದರೂ, ಅದೇ ದೋಷ ಇನ್ನೊಮ್ಮೆ ಬಂದರೆ ಆಗಬಹುದು ಅನ್ನುವಂತಿದ್ದರೂ ಅಷ್ಟೇ. ಯುರೋಪಿನಲ್ಲಿ ಗಂಭೀರ ಘಟನೆಗೆ 15 ದಿನ, ಸಾವಾದರೆ 10. ಈ ದಿನಗಳ ಎಣಿಕೆ ದೂರು ನನ್ನ ಮೇಜಿಗೆ ಬಂದಾಗ ಶುರುವಾಗುವುದಿಲ್ಲ. ಕಂಪನಿಯ ಯಾವುದೇ ನೌಕರನ ಕಿವಿಗೆ ಬಿದ್ದ ದಿನವೇ ಶುರು. ಸೇಲ್ಸ್‌ನವನೊಬ್ಬ ಆಸ್ಪತ್ರೆಯ ಲಿಫ್ಟ್‌ನಲ್ಲಿ "ನಿಮ್ಮ ಪಂಪ್ ಯಾಕೋ ಕೈಕೊಟ್ಟಿತು" ಅನ್ನುವ ಮಾತು ಕೇಳಿದರೂ ಮುಗಿಯಿತು, ಎಣಿಕೆ ಶುರು. ಅದಕ್ಕೇ ವರ್ಷಕ್ಕೊಮ್ಮೆ ಎಲ್ಲರಿಗೂ, ಕಸ ಗುಡಿಸುವವರಿಂದ ಹಿಡಿದು ನಿರ್ದೇಶಕರ ತನಕ, ದೂರು ಅಂದರೇನು ಅಂತ ಪಾಠ ಆಗುತ್ತದೆ.

ಪಂಪ್ ನನ್ನ ಕೈಗೆ ಬರುವುದು ಕೊನೆಗೆ. ಮೊದಲು ಅದನ್ನು ಸೋಂಕು ಮುಕ್ತ ಮಾಡುತ್ತಾರೆ. ಆಸ್ಪತ್ರೆಯಿಂದ ಬಂದ ವಸ್ತು, ಅದರ ಮೇಲೆ ಏನಿದೆಯೋ ಯಾರಿಗೆ ಗೊತ್ತು? ಆಮೇಲೆ ಫೋಟೋ, ತೂಕ, ಸೀಲ್ ಒಡೆದಿದೆಯಾ ಅಂತ ನೋಡುವುದು. ಆಮೇಲೆ ಲಾಗ್ ತೆಗೆಯುವುದು. ಲಾಗ್ ಅಂದರೆ ಪಂಪಿನ ದಿನಚರಿ: ಯಾವ ಗುಂಡಿ ಒತ್ತಿದರು, ಯಾವ ಅಲಾರಂ ಕೂಗಿತು, ಎಲ್ಲ ಇರುತ್ತದೆ. ಆದರೆ ಪಂಪಿನ ಗಡಿಯಾರವೂ ವಾರ್ಡಿನ ಗಡಿಯಾರವೂ ಒಂದೇ ಸಮಯ ತೋರಿಸಿದ್ದನ್ನು ನಾನು ಕಂಡಿದ್ದು ಕಡಿಮೆ. ನರ್ಸ್ ಬರೆದ ಹೊತ್ತಿಗೂ ಲಾಗ್‌ನ ಹೊತ್ತಿಗೂ ತಾಳೆ ಹಾಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಜೊತೆಗೆ ಬರುವ ದೂರಿನ ಚೀಟಿಯಲ್ಲಿ ಒಂದೇ ಸಾಲು: "ಜೋರಾಗಿ ಓಡಿತು." ಅಷ್ಟೇ. ಎಷ್ಟು ಜೋರು, ಯಾವಾಗ, ಯಾವ ಔಷಧಿ, ಏನೂ ಇಲ್ಲ.

ಈಗ ನನ್ನ ತಪ್ಪಿನ ಕಥೆ.

ಒಂದು ಪಂಪ್ ಬಂತು. ಚೀಟಿಯಲ್ಲಿ "5 ಒತ್ತಿದರೆ 55 ಬಂತು" ಅಂತಿತ್ತು. ನರ್ಸ್ ಶುರು ಮಾಡುವ ಮೊದಲೇ ನೋಡಿ ತಿದ್ದಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಲಾಗ್ ನೋಡಿದೆ. 5, ಮತ್ತೆ 5, ಎರಡೂ ಒಂದೇ ಸೆಕೆಂಡಿನಲ್ಲಿ. ನಮ್ಮ ಲಾಗ್ ಸೆಕೆಂಡಿಗಿಂತ ಸಣ್ಣ ಲೆಕ್ಕ ಇಡುತ್ತಿರಲಿಲ್ಲ. ಮೇಜಿನ ಮೇಲಿಟ್ಟು ಆ ಗುಂಡಿಯನ್ನು ಇನ್ನೂರು ಸಲ ಒತ್ತಿದೆ. ಇನ್ನೂರು ಸಲವೂ ಸರಿ. ಅವಸರದಲ್ಲಿ ಎರಡು ಸಲ ಒತ್ತಿರುತ್ತಾರೆ ಅಂದುಕೊಂಡೆ. "ಬಳಕೆದಾರರು ಎರಡು ಬಾರಿ ಒತ್ತಿದ್ದಾರೆ. ದೋಷ ಕಂಡುಬಂದಿಲ್ಲ" ಅಂತ ಬರೆದು ಫೈಲ್ ಮುಚ್ಚಿದೆ.

ಐದು ವಾರಕ್ಕೆ ಬೇರೆ ಆಸ್ಪತ್ರೆಯಿಂದ ಇನ್ನೊಂದು ಬಂತು. ಆಮೇಲೆ ಮೂರನೆಯದು. ಎಲ್ಲದರಲ್ಲೂ ಅದೇ 5. ಅವಸರದ ಕೈ 5ನ್ನೇ ಯಾಕೆ ಆರಿಸಿಕೊಳ್ಳುತ್ತದೆ? 7 ಯಾಕಿಲ್ಲ, 2 ಯಾಕಿಲ್ಲ? ಆ ಪ್ರಶ್ನೆ ಎದ್ದ ಮೇಲೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಒಂದು ಸಲ ಒತ್ತಿದ್ದು ಎರಡಾಗುವುದು ಇನ್ಫ್ಯೂಷನ್ ಪಂಪುಗಳಿಗೆ ಹೊಸ ಕಾಯಿಲೆ ಏನಲ್ಲ. 2005ರಿಂದ 2009ರ ತನಕ ಈ ಪಂಪುಗಳ ಬಗ್ಗೆ ಎಫ್‌ಡಿಎಗೆ ಸುಮಾರು 56,000 ವರದಿಗಳು ಬಂದಿದ್ದವು. ಅದೇ ಅವಧಿಯಲ್ಲಿ 87 ರೀಕಾಲ್ ಆಗಿದ್ದವು. ಅದನ್ನು ನೋಡಿಯೇ 2010ರಲ್ಲಿ ಅವರು ಪಂಪುಗಳ ಸುಧಾರಣೆಗೆ ಬೇರೆಯೇ ಕಾರ್ಯಕ್ರಮ ಶುರು ಮಾಡಿದ್ದು. ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು ಒತ್ತು ಎರಡಾಗುವ ಈ ಕಾಯಿಲೆಯೂ ಇತ್ತು. ನಾನು ತರಬೇತಿಯಲ್ಲಿ ಇದನ್ನು ಓದಿ, "ಅರ್ಥವಾಗಿದೆ" ಅಂತ ಸಹಿಯನ್ನೂ ಹಾಕಿದ್ದೆ!

ಕೊನೆಗೆ ಮೂರನೇ ಪಂಪಿನ ವಾರ್ಡಿಗೆ ಫೋನ್ ಮಾಡುವುದು ಅಂತ ತೀರ್ಮಾನವಾಯಿತು. ನೇರವಾಗಿ ಮಾಡುವ ಹಾಗಿಲ್ಲ. ದೊಡ್ಡ ಕಂಪನಿ ನೋಡಿ. ಆಸ್ಪತ್ರೆಯ ಜೊತೆ ಒಡನಾಟ ಇಟ್ಟುಕೊಂಡಿರುವ ನಮ್ಮವರೊಬ್ಬರು ಲೈನಿನಲ್ಲಿರಬೇಕು, ಕೇಳುವ ಪ್ರಶ್ನೆಗಳನ್ನು ಮೊದಲೇ ತೋರಿಸಬೇಕು. ಪಟ್ಟಿಯಲ್ಲಿದ್ದ ಪ್ರಶ್ನೆಗಳೆಲ್ಲ ಮುಗಿದವು. ಉತ್ತರಗಳಲ್ಲಿ ಹೊಸದೇನೂ ಇರಲಿಲ್ಲ. ಸುಮ್ನೆ ಕೇಳಿದೆ, "ಸಿಸ್ಟರ್, ಅದಕ್ಕೆ ಸ್ವಲ್ಪ ಮುಂಚೆ ಏನು ಮಾಡ್ತಿದ್ರಿ?"

"ಒರೆಸಿದ್ದೆ. ಒರೆಸಿದ ತಕ್ಷಣ ಆಗುತ್ತಲ್ಲ ಇದು. ಒಣಗಿದ ಮೇಲೆ ಸರಿ ಹೋಗುತ್ತೆ. ನಮ್ಮ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು."

ಎಲ್ಲರಿಗೂ ಗೊತ್ತಿತ್ತು. ನಮಗೆ ಮಾತ್ರ ಗೊತ್ತಿರಲಿಲ್ಲ.

ಆಮೇಲೆ ಎಲ್ಲ ಒಂದೊಂದಾಗಿ ಬಿಚ್ಚಿಕೊಂಡಿತು. 5ರ ಗುಂಡಿಯ ಮೇಲೆ ಬೆರಳಿಗೆ ಸಿಗಲಿ ಅಂತ ಸಣ್ಣ ಉಬ್ಬು ಚುಕ್ಕೆ ಇರುತ್ತದೆ. ಕೀಪ್ಯಾಡಿನ ಪ್ಲಾಸ್ಟಿಕ್ ಹಾಳೆ ಅಲ್ಲಿ ಎಳೆದುಕೊಂಡಿರುತ್ತದೆ. ಸೋಂಕು ನಿವಾರಕದಿಂದ ದಿನಕ್ಕೆ ಹತ್ತಾರು ಸಲ ಒರೆಸಿ ಒರೆಸಿ, ಮೊದಲು ಬಿರುಕು ಬಿಡುವುದೂ ಅಲ್ಲೇ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು. ಅದರೊಳಗೆ ಒದ್ದೆ ಇಳಿದರೆ ಒಮ್ಮೆ ಒತ್ತಿದ್ದು ಎರಡಾಗುತ್ತದೆ. ಒಣಗಿದರೆ ಏನೂ ಇಲ್ಲ. ನಮ್ಮಲ್ಲಿಗೆ ಬರುವ ಹೊತ್ತಿಗೆ ಪಂಪ್ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಕೂತು ಒಣಗಿರುತ್ತದೆ. ಸೋಂಕು ತೆಗೆಯುವಾಗ ಒದ್ದೆಯಾದರೂ ಮತ್ತೆ ಒಣಗಿಸಿಯೇ ನನ್ನ ಮೇಜಿಗೆ ಕಳಿಸುತ್ತಾರೆ. ಸಾಕ್ಷಿಯನ್ನು ನಾವೇ ಚೆನ್ನಾಗಿ ಒಣಗಿಸಿಟ್ಟು, ಏನೂ ಸಿಗಲಿಲ್ಲ ಅಂತ ಬರೆಯುತ್ತಿದ್ದೆವು.

ಮುಚ್ಚಿದ ಮೊದಲ ಫೈಲಿನ ಪಂಪನ್ನೇ ಕಪಾಟಿನಿಂದ ತಂದು, ಆಸ್ಪತ್ರೆಯಲ್ಲಿ ಬಳಸುವಂಥದ್ದೇ ಒದ್ದೆ ವೈಪ್‌ನಿಂದ ಒರೆಸಿ, ಒಣಗಲು ಬಿಡದೆ ಒತ್ತಿದೆ. ಹತ್ತೊಂಬತ್ತನೇ ಸಲಕ್ಕೆ ಪರದೆಯ ಮೇಲೆ 55 ಬಂತು. ಖುಷಿಯಾಯಿತು ಅಂದರೆ ಸುಳ್ಳಾಗುತ್ತದೆ. ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು.

ವಿನ್ಯಾಸದ ಹೊತ್ತಿನಲ್ಲಿ ಒರೆಸುವ ಪರೀಕ್ಷೆ ಮಾಡಿರಲಿಲ್ಲವಾ? ಮಾಡಿದ್ದರು. ಕೈಪಿಡಿಯಲ್ಲಿ ಹೇಳಿದ ಹಾಗೆ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ. ವಾರ್ಡಿನಲ್ಲಿ ಬಟ್ಟೆ ಹಿಂಡುತ್ತಾ ಕೂರುವವರು ಯಾರು? ಅಪಾಯದ ಫೈಲಿನಲ್ಲೂ ಈ ಸಾಲಿತ್ತು: ಗುಂಡಿ ಎರಡು ಸಲ ದಾಖಲಾಗುವುದು, ಸಾಧ್ಯತೆ ತೀರಾ ಕಡಿಮೆ, ರಕ್ಷಣೆ ಏನೆಂದರೆ ಖಚಿತಪಡಿಸುವ ಪರದೆ. ದಿನಕ್ಕೆ ನೂರು ಸಲ "ಹೌದು" ಒತ್ತುವವರು ಆ ಪರದೆಯನ್ನು ಎಷ್ಟು ಸಲ ಓದುತ್ತಾರೆ ಅನ್ನುವುದಕ್ಕೆ ಅಲ್ಲಿ ಜಾಗ ಇರಲಿಲ್ಲ.

ಈ ಉದ್ಯಮದವರಿಗೆಲ್ಲ ಪಾಠವಾಗಿರುವ ಒಂದು ಹಳೇ ಪ್ರಕರಣ ಇದೆ. ಥೆರಾಕ್-25 ಅನ್ನುವ ವಿಕಿರಣ ಚಿಕಿತ್ಸೆಯ ಯಂತ್ರ. 1985ರಿಂದ 1987ರ ನಡುವೆ ಆರು ರೋಗಿಗಳಿಗೆ ಅತಿಯಾದ ವಿಕಿರಣ ಕೊಟ್ಟಿತು. ಇದರಿಂದ ಅಷ್ಟು ವಿಕಿರಣ ಹೋಗಲು ಸಾಧ್ಯವೇ ಇಲ್ಲ ಅನ್ನುವುದು ತಯಾರಕರ ಮೊದಲ ಉತ್ತರವಾಗಿತ್ತು. ಟೆಕ್ಸಾಸ್‌ನ ಆಸ್ಪತ್ರೆಯೊಂದರ ಭೌತವಿಜ್ಞಾನಿ ಮತ್ತು ಯಂತ್ರ ನಡೆಸುವವರು ಕೂತು, ಮತ್ತೆ ಮತ್ತೆ ಪ್ರಯತ್ನಿಸಿ, ಅದೇ ದೋಷವನ್ನು ಬರಿಸಿ ತೋರಿಸಿದರು. ಪಳಗಿದ ಕೈ ವೇಗವಾಗಿ ಟೈಪ್ ಮಾಡಿ ತಿದ್ದಿದಾಗ ಮಾತ್ರ ಅದು ಬರುತ್ತಿತ್ತು. ನಿಧಾನಕ್ಕೆ ಒತ್ತುವವರಿಗೆ ಸಿಗುತ್ತಲೇ ಇರಲಿಲ್ಲ. ತರಬೇತಿಯಲ್ಲಿ ಕೇಳಿದಾಗ ಅದು ಸಾಫ್ಟ್‌ವೇರಿನ ಕಥೆ ಅನಿಸಿತ್ತು. ಈಗ ನನ್ನ ಇನ್ನೂರು ಸಲದ ಒತ್ತುವಿಕೆ ನೆನಪಾಗುತ್ತದೆ.

ಮುಚ್ಚಿದ ಫೈಲ್ ತೆರೆಯುವುದು ಸುಲಭವಲ್ಲ. ಇದು ವರದಿ ಮಾಡಲೇಬೇಕಾದ ದೋಷ, ನಾನು ಮುಚ್ಚಿದ್ದರಿಂದ ತಡವಾಗಿದೆ ಅಂತ ನನ್ನ ಹೆಸರಲ್ಲೇ ಬರೆಯಬೇಕಾಯಿತು. ಕೆಲಸ ಹೋಗುತ್ತದೆ ಅಂತಲೇ ಅಂದುಕೊಂಡಿದ್ದೆ. ಸರ್ಕಾರಿ ನಿಯಮಗಳ ವ್ಯವಹಾರ ನೋಡಿಕೊಳ್ಳುವ ರೆಗ್ಯುಲೇಟರಿ ವಿಭಾಗದ ಹಿರಿಯರೊಬ್ಬರು ಓದಿ, "ಇದನ್ನು ಹೀಗೇ ಬರೆಯಿರಿ, ನಯ ಮಾಡಬೇಡಿ" ಅಂದರು. ಅಷ್ಟೇ. ದೊಡ್ಡ ಕಂಪನಿಗಳ ಬಗ್ಗೆ ನನಗೆ ಬೇಕಾದಷ್ಟು ದೂರುಗಳಿವೆ, ಆದರೆ ಆ ದಿನ ಸಿಕ್ಕ ನಡವಳಿಕೆ ಮರೆಯುವುದಿಲ್ಲ.

ದೂರುಗಳಲ್ಲಿ ಒಂದು, ಮೀಟಿಂಗ್. ಆಸ್ಪತ್ರೆಗಳಿಗೆ ಕಳಿಸುವ ಪತ್ರದಲ್ಲಿ "ದೋಷ" ಅನ್ನಬೇಕೋ "ಅನಿರೀಕ್ಷಿತ ವರ್ತನೆ" ಅನ್ನಬೇಕೋ ಅಂತ ಎರಡು ಗಂಟೆ ಚರ್ಚೆಯಾಯಿತು. ಹನ್ನೊಂದು ಜನ. ಅವರಲ್ಲಿ ಪಂಪ್ ಮುಟ್ಟಿದವರು ಮೂವರು. ಕೊನೆಗೆ "ದೋಷ"ವೇ ಗೆದ್ದಿತು, ಪುಣ್ಯ.

ಪರಿಹಾರದ ವಿಷಯಕ್ಕೆ ಬಂದಾಗ ನನ್ನೊಳಗಿನ ಆಪ್ ಕಂಪನಿಯವನು ಎದ್ದು ಕೂತ. ಕ್ಷಣದೊಳಗೆ ಬರುವ ಎರಡನೇ ಒತ್ತನ್ನು ಸಾಫ್ಟ್‌ವೇರಿನಲ್ಲಿ ಬಿಟ್ಟುಬಿಟ್ಟರೆ ಆಯಿತಲ್ಲ, ನಾಲ್ಕು ಸಾಲು ಕೋಡ್! ಅಪಾಯದ ಲೆಕ್ಕ ನೋಡುವ ಸಹೋದ್ಯೋಗಿ ಕೇಳಿದರು: "ನಿಜವಾಗಿ 55 ಬೇಕಿದ್ದು, ಬೇಗ ಒತ್ತಿದವರಿಗೆ 5 ಸಿಕ್ಕರೆ?" ಹನ್ನೊಂದು ಪಟ್ಟು ಜಾಸ್ತಿ ಹೋಗುವುದನ್ನು ತಪ್ಪಿಸಲು ಹೋಗಿ, ಹನ್ನೊಂದರಲ್ಲಿ ಒಂದು ಪಾಲು ಔಷಧಿ ಮಾತ್ರ ಹೋಗುವ ದಾರಿ ಮಾಡುತ್ತಿದ್ದೆ. ಆ ನಾಲ್ಕು ಸಾಲು ಅಲ್ಲಿಗೇ ಸತ್ತಿತು.

ಹಾಳೆಯ ಪ್ಲಾಸ್ಟಿಕ್ ಬದಲಾಯಿತು, ಸೀಲ್ ಬದಲಾಯಿತು, ಒತ್ತಿದಷ್ಟೂ ಸಲ ಬೀಪ್ ಅನ್ನುವ ಹಾಗಾಯಿತು. ಹೊಸ ಹಾಳೆಗೆ ಹಿಂಡದ ವೈಪ್‌ನಲ್ಲೇ ಪರೀಕ್ಷೆ ನಡೆಯಿತು. ಒಟ್ಟು ಹದಿನಾಲ್ಕು ತಿಂಗಳು. ಅಷ್ಟರ ತನಕ ಆಸ್ಪತ್ರೆಗಳಿಗೆ ಪತ್ರ ಹೋಯಿತು, ಬಿರುಕು ಬಿಟ್ಟ ಕೀಪ್ಯಾಡುಗಳನ್ನು ಬದಲಿಸಿ ಕೊಟ್ಟರು. ಪಂಪ್ ವಾರ್ಡಿನಲ್ಲೇ ಇದ್ದು ಅಲ್ಲೇ ಸರಿ ಮಾಡಿಕೊಟ್ಟರೂ ಎಫ್‌ಡಿಎ ಲೆಕ್ಕದಲ್ಲಿ ಅದು ರೀಕಾಲೇ. ಮುಂದಿನ ಆಡಿಟ್‌ನಲ್ಲಿ ಆಡಿಟರ್ ನೇರವಾಗಿ ಆ ಫೈಲನ್ನೇ ಕೇಳಿದರು. ಆಡಿಟ್‌ನಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು, "ಸಾಮಾನ್ಯವಾಗಿ ಹೀಗೆ ಮಾಡ್ತೀವಿ" ಅನ್ನಬಾರದು ಅಂತ ಕಲಿಸಿರುತ್ತಾರೆ. ಅವರು ಪುಟ ತಿರುಗಿಸುತ್ತಾ ಸುಮ್ಮನಿರುತ್ತಾರಲ್ಲ, ಆ ಮೌನ ತುಂಬಲು ನಾವೇ ಏನಾದರೂ ಬಾಯಿಬಿಡುತ್ತೇವೆ. ನಾನು ನಾಲಿಗೆ ಕಚ್ಚಿ ಕೂತೆ.

ಒಂದು ಬದಲಾವಣೆ ಮಾತ್ರ ನಾನೇ ಕೇಳಿ ಮಾಡಿಸಿದ್ದು. ದೂರಿನ ಫಾರಂನಲ್ಲಿ ಒಂದು ಖಾಲಿ ಜಾಗ: "ಇದು ಯಾವಾಗ ಆಗುತ್ತದೆ ಅಂತ ನಿಮಗನಿಸುತ್ತದೆ?" ಫಾರಂ ಕೂಡ ನಿಯಂತ್ರಿತ ದಾಖಲೆ. ಈ ಒಂದು ಸಾಲು ಸೇರಿಸಲು ನಾಲ್ಕು ತಿಂಗಳು ಹಿಡಿಯಿತು. ಬಹಳ ಸಲ ಅಲ್ಲಿ "ಗೊತ್ತಿಲ್ಲ" ಅಂತಲೇ ಬರುತ್ತದೆ, ಇಲ್ಲಾ ಒಂದು ಅಡ್ಡಗೆರೆ.

ಕಳೆದ ವಾರ ಬಂದ ಪಂಪಿನ ಫಾರಂನಲ್ಲಿ "ಮೂರನೇ ಹಾಸಿಗೆಯ ಹತ್ತಿರ ಇಟ್ಟಾಗ ಮಾತ್ರ" ಅಂತ ಬರೆದಿದ್ದಾರೆ. ಪಂಪ್ ನನ್ನ ಮೇಜಿನ ಮೇಲಿದೆ, ಲಾಗ್‌ನಲ್ಲಿ ಏನೂ ಇಲ್ಲ. ಮೂರನೇ ಹಾಸಿಗೆಯ ಹತ್ತಿರ ಇನ್ನೇನೇನು ಇಟ್ಟಿದ್ದಾರೆ ಅಂತ ಕೇಳಲು ಫೋನಿಗೆ ಅನುಮತಿ ಕೇಳಿದ್ದೇನೆ.