ಕಂಪೈಲ್ ಹಚ್ಚಿದರೆ ಸೈಟ್ ಮಲಗುತ್ತದೆಯೇ? ಮೊದಲು ಹೀಗೆ ನೋಡಿ

ಶುಕ್ರವಾರ ಸಂಜೆ ಚಿಕ್ಕಮಗಳೂರಿನ ಹೋಂಸ್ಟೇಗಳಿಗೆ ಬುಕಿಂಗ್ ಸುಗ್ಗಿ. ನಾನೋ, ಅದೇ ಹೊತ್ತಿಗೆ ಬುಕಿಂಗ್ ಸೈಟ್ ಇದ್ದ ಸರ್ವರಿನಲ್ಲೇ ಪಿಎಚ್‌ಪಿ (ಸೈಟ್ ನಡೆಸುವ ತಂತ್ರಾಂಶ) ಕಂಪೈಲ್ ಮಾಡಲು, ಅಂದರೆ ಮೂಲ ಕೋಡ್‌ನಿಂದ ಕಟ್ಟಲು, ಕೂತಿದ್ದೆ. ಎರಡು ಕೋರ್, 2 ಜಿಬಿ ರ‍್ಯಾಮ್. ಲೋಡ್, ಅಂದರೆ ಸಾಲುಗಟ್ಟಿದ ಕೆಲಸಗಳ ಸಂಖ್ಯೆ, 20 ದಾಟಿತು. ಮೂಡಿಗೆರೆಯಿಂದ ಮಾಲೀಕರ ಫೋನು: 'ಎಂತ ಮಾರಾಯ್ರೇ, ಪೇಜೇ ತೆರೀತಿಲ್ಲ!'

ಇಂಥ ಹೊತ್ತಿನಲ್ಲಿ ಮೊದಲ ಕೆಲಸ ಕಂಟ್ರೋಲ್-ಸಿ ಒತ್ತುವುದು. ಹೊಟ್ಟೆ ಉರಿಸಿಕೊಳ್ಳಬೇಡಿ, ಕಂಪೈಲ್ ಆಗಿ ಮುಗಿದ ಫೈಲುಗಳು ಹಾಗೇ ಇರುತ್ತವೆ. ಮುಂದೆ ಕಂಪೈಲ್ ನಡೆಸುವ ಆದೇಶವಾದ ಮೇಕ್ (make) ಉಳಿದದ್ದನ್ನಷ್ಟೇ ಮಾಡುತ್ತದೆ. ಕಂಟ್ರೋಲ್-ಝಡ್ ಒತ್ತಿದರೆ ಕೆಲಸ ನಿಲ್ಲುತ್ತದೆ, ಹಿಡಿದ ಮೆಮೊರಿ ಬಿಡುವುದಿಲ್ಲ.

ಈಗ 'ಅಪ್‌ಟೈಮ್' (uptime) ಆದೇಶ ಕೊಟ್ಟು ನೋಡಿ. ಮೂರು ಸಂಖ್ಯೆಗಳು ಕಳೆದ 1, 5, 15 ನಿಮಿಷಗಳ ಸರಾಸರಿ ಲೋಡ್. ಕೋರ್ ಎಷ್ಟಿವೆ ಎಂಬುದನ್ನು 'ಎನ್‌ಪ್ರಾಕ್' (nproc) ಹೇಳುತ್ತದೆ. ಲೋಡ್ ಎಂದರೆ ಪಲ್ಪರ್ (ಸಿಪ್ಪೆ ಬಿಡಿಸುವ ಯಂತ್ರ) ಮುಂದಿನ ಕಾಫಿ ಹಣ್ಣಿನ ಮೂಟೆಗಳ ಸಾಲು, ಒಳಗೆ ಬಿದ್ದದ್ದೂ ಸೇರಿ. ಸಾಲು ಉದ್ದವಾಗಿದೆ ಎಂದಮಾತ್ರಕ್ಕೆ ಪಲ್ಪರ್ ಸಣ್ಣದು ಎನ್ನಲಾಗದು. ನೀರು ಬಾರದೆಯೂ ನಿಂತಿರಬಹುದು. ಸರ್ವರ್ ನಡೆಸುವ ಲಿನಕ್ಸ್, ಡಿಸ್ಕಿಗಾಗಿ ಕಾಯುವ ಕೆಲಸಗಳನ್ನೂ ಲೋಡ್‌ನಲ್ಲಿ ಎಣಿಸುತ್ತದೆ.

ಆದ್ದರಿಂದ ಸೆಕೆಂಡಿಗೊಮ್ಮೆ ಸ್ಥಿತಿ ತೋರಿಸುವ 'ವಿಎಂಸ್ಟ್ಯಾಟ್ 1' (vmstat 1) ಹಾಕಿಟ್ಟು, ಕಂಪೈಲನ್ನು ಒಂದೇ ಕೆಲಸದ ಮಿತಿಯಲ್ಲಿ (make -j1) ಮತ್ತೆ ಹಚ್ಚಿ. 'ಎಸ್‌ಐ' (si), 'ಎಸ್‌ಒ' (so) ಕಾಲಂಗಳು ಕುಣಿಯುತ್ತಿದ್ದರೆ ರ‍್ಯಾಮ್ ಸಾಲದೆ ಸ್ವಾಪ್‌ಗೆ, ಅಂದರೆ ಡಿಸ್ಕಿನ ನಿಧಾನದ ಜಾಗಕ್ಕೆ, ಇಳಿದಿದೆ. ನನ್ನ ಅನುಭವದಲ್ಲಿ ಸಣ್ಣ ಸರ್ವರುಗಳಿಗೆ ಹೆಚ್ಚು ಸಲ ಕಂಟಕ ಇದೇ, ಬೈಗುಳ ಮಾತ್ರ ಸಿಪಿಯುಗೆ. ಮೆಮೊರಿ ಪೂರ್ತಿ ಬತ್ತಿದರೆ ಲಿನಕ್ಸ್‌ನ ತಿರುಳಾದ ಕರ್ನಲ್, ನಡೆಯುತ್ತಿರುವ ಯಾವುದಾದರೂ ಪ್ರೋಗ್ರಾಮನ್ನು ಕೊಲ್ಲುತ್ತದೆ. ಬಲಿ ಕಂಪೈಲರೇ ಆಗಬೇಕೆಂದಿಲ್ಲ, ಸೈಟಿನ ಮಾಹಿತಿ ಇಡುವ ಮೈಎಸ್‌ಕ್ಯುಎಲ್ಲೂ ಆಗಬಹುದು. ಕುರುಹು 'ಡಿಮೆಸೇಜ್' (dmesg) ತೋರಿಸುವ ಲಾಗ್‌ನಲ್ಲಿ ಸಿಗುತ್ತದೆ.

ನನ್ನ ತಪ್ಪು? ಮೇಕ್‌ಗೆ ಒಟ್ಟಿಗೆ ಎಷ್ಟು ಕೆಲಸ ಎಂದು ಹೇಳುವ 'ಹೈಫನ್ ಜೆ' (-j) ಕೊಟ್ಟು ಮುಂದೆ ಸಂಖ್ಯೆ ಹಾಕದೇ ಹೋದದ್ದು. ಆಗ ಅದು ಲಂಗುಲಗಾಮಿಲ್ಲದೆ ಕೆಲಸಗಳನ್ನು ಹುಟ್ಟಿಸುತ್ತದೆ. 1 ಎಂದು ಹಾಕಿ. ಜೊತೆಗೆ ಕಂಪೈಲನ್ನು ಸರದಿಯಲ್ಲಿ ಹಿಂದಕ್ಕೆ ತಳ್ಳುವ 'ನೈಸ್ 19' (nice -n 19) ಸೇರಿಸಿದರೆ ವೆಬ್ ಸರ್ವರಿಗೆ ಸಿಪಿಯು ಮೊದಲು ಸಿಗುತ್ತದೆ. ಆದರೆ ನೈಸ್‌ನಿಂದ ಮೆಮೊರಿ ಒಂದು ಬೈಟೂ ಉಳಿಯದು.

ನಾನೀಗ ಸರ್ವರಿನಲ್ಲಿ ಕಂಪೈಲ್ ಮಾಡುವುದನ್ನೇ ಬಿಟ್ಟಿದ್ದೇನೆ. ಅದೇ ಲಿನಕ್ಸ್, ಅದೇ ಆವೃತ್ತಿಯನ್ನು ಮನೆಯಲ್ಲಿ ಹಾಕಿಕೊಂಡು, ಅಲ್ಲಿ ಕಟ್ಟಿ ಸರ್ವರಿಗೆ ಸಾಗಿಸುತ್ತೇನೆ. ಕಟ್ಟುವ ಯಂತ್ರದ ಪ್ರೊಸೆಸರಿಗೇ ಹೊಂದಿಸುವ 'ಮಾರ್ಚ್ ನೇಟಿವ್' (-march=native) ಆಯ್ಕೆ ಮಾತ್ರ ಬೇಡ. ಮನೆಯ ಪ್ರೊಸೆಸರಿಗೆ ಹೊಲಿದ ಅಂಗಿ ಸರ್ವರಿಗೆ ಹಿಡಿಯದಿರಬಹುದು. ಇನ್ನು ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಕರೆಂಟ್ ನಂಬಿ ಡೆಸ್ಕ್‌ಟಾಪಿನಲ್ಲಿ ಹಚ್ಚಬೇಡಿ, ಲ್ಯಾಪ್‌ಟಾಪೇ ವಾಸಿ.