ಹತ್ತೇ ನಿಮಿಷದಲ್ಲಿ ಮುಖಕ್ಕೆ ಕಳೆ: ದಿನಾ ಹೊರಗೆ ಹೋಗೋರಿಗೆ ಸಿಂಪಲ್ ಮೇಕಪ್

ನಮ್ಮಲ್ಲಿ ಯಾರಾದ್ರೂ ಚೆನ್ನಾಗಿ ಕಾಣ್ತಿದ್ರೆ ಮನೇಲಿ ದೊಡ್ಡೋರು "ಏನೇ, ಇವತ್ತು ಮುಖ ಕಳೆಕಳೆಯಾಗಿದೆಯಲ್ಲ" ಅಂತಾರೆ, ಜ್ವರದಿಂದ ಎದ್ದೋರನ್ನ ನೋಡಿದ್ರೆ "ಕಳೆನೇ ಇಲ್ಲ, ಬಾಡಿಹೋಗಿದೀಯ" ಅಂತಾರೆ. ಈಗ ಎಲ್ಲಾ ಕಡೆ ಗ್ಲೋ, ನ್ಯಾಚುರಲ್ ಲುಕ್ ಅಂತ ಕೇಳ್ತೀವಲ್ಲ, ಅದು ಈ ಕಳೆನೇ. ಎಣ್ಣೆಗಪ್ಪು, ಎಣ್ಣೆಗೆಂಪು, ಗೋಧಿ ಬಣ್ಣ, ಯಾವ ಮೈಬಣ್ಣ ಆದ್ರೂ ಅದಕ್ಕೆ ಅದರದ್ದೇ ಕಳೆ ಇದ್ದೇ ಇರುತ್ತೆ, ಅದನ್ನ ಮುಚ್ಚಿಬಿಡದೆ ಎತ್ತಿ ತೋರ್ಸೋದಷ್ಟೇ ಮೇಕಪ್ಪಿನ ಕೆಲಸ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಮ್ಮ ಚಿಕ್ಕಮ್ಮನ ಮಗಳ ಎಂಗೇಜ್‌ಮೆಂಟಿಗೆ ಕರೆಸಿದ್ದ ಪಾರ್ಲರಿನೋರು ಅವಳ ಬಣ್ಣಕ್ಕಿಂತ ಎರಡು ಮೂರು ಶೇಡ್ ತೆಳು ಇರೋ ಫೌಂಡೇಶನ್ ಬಳಿದ್ರು, ಕನ್ನಡಿ ಮುಂದೆ ಟ್ಯೂಬ್‌ಲೈಟಲ್ಲಿ ಏನೂ ಗೊತ್ತಾಗ್ಲಿಲ್ಲ, ಹೊರಗೆ ಬಿಸಿಲಿಗೆ ಬಂದು ಮೊದಲ ಫೋಟೋ ತೆಗೆದ ತಕ್ಷಣ ಮುಖ ಬೂದಿ ಬೂದಿ, ಕುತ್ತಿಗೆ ಬೇರೆ ಬಣ್ಣ, ಕೈ ಬೇರೆ ಬಣ್ಣ. ಅವಳು ಒಳಗೆ ಹೋಗಿ ಅಳೋಕೆ ಶುರು ಮಾಡಿದ್ಲು. ಎಲ್ಲಾ ತೊಳೆಸಿ, ಹಿತ್ತಲ ಬಾಗಿಲ ಹತ್ರ ಬೆಳಕಿಗೆ ಕೂರಿಸಿ ನನ್ನ ಬ್ಯಾಗಲ್ಲಿ ದಿನಾ ಇರೋ ನಾಲ್ಕೈದು ಸಾಮಾನಲ್ಲೇ ಮಾಡಿದೆ. ಕನ್ನಡಿ ನೋಡ್ಕೊಂಡು "ಅಕ್ಕಾ, ಇದು ನನ್ನ ಮುಖ" ಅಂದ್ಲು. ಅವತ್ತು ಮಾಡಿದ್ದನ್ನೇ ಇಲ್ಲಿ ಬರೀತಿದೀನಿ, ದಿನಾ ಆಫೀಸಿಗೆ, ಕಾಲೇಜಿಗೆ ಹೊರಡೋ ಮುಂಚೆ ಹತ್ತು ನಿಮಿಷ ಇದ್ರೆ ಸಾಕು.

ಏನೇನು ಬೇಕು

ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಕಲೆ ಮುಚ್ಚೋಕೆ ಚಿಕ್ಕ ಕನ್ಸೀಲರ್, ತುಟಿಗೆ ಬಾಮ್, ಒಂದು ಲಿಪ್‌ಸ್ಟಿಕ್, ಕಾಡಿಗೆ ಪೆನ್ಸಿಲ್, ಸ್ವಲ್ಪ ಪೌಡರ್. ಫೌಂಡೇಶನ್, ಕರೆಕ್ಟರ್, ಕಂದು ಐಶ್ಯಾಡೋ, ಹುಬ್ಬಿನ ಪೆನ್ಸಿಲ್ ಇದ್ರೆ ಇರ್ಲಿ, ಇಲ್ದಿದ್ರೂ ನಡೆಯುತ್ತೆ. ಬ್ರಶ್ ಸೆಟ್ ಎಲ್ಲಾ ಬೇಡ, ಬೆರಳಿನ ಬಿಸಿಗೆ ಕ್ರೀಮ್ ಕರಗಿ ಚರ್ಮಕ್ಕೆ ಚೆನ್ನಾಗಿ ಹೊಂದ್ಕೊಳ್ಳುತ್ತೆ.

ಅರ್ಧ ಕೆಲಸ ಮೇಕಪ್ಪಿಗೆ ಮುಂಚೆನೇ ಮುಗಿಯುತ್ತೆ

ಮುಖ ತೊಳೆದು ಟವೆಲ್ಲಲ್ಲಿ ಗಸಗಸ ಉಜ್ಜಬೇಡಿ, ಒತ್ತಿ ತೆಗೀರಿ, ಚರ್ಮ ಇನ್ನೂ ಸ್ವಲ್ಪ ಒದ್ದೆ ಇರೋವಾಗ್ಲೇ ಮಾಯಿಶ್ಚರೈಸರ್ ಹಚ್ಚಿ. ಅದರಲ್ಲಿರೋ ಗ್ಲಿಸರಿನ್, ಹಯಾಲುರಾನಿಕ್ ಆಸಿಡ್ ಥರದ್ದು ನೀರನ್ನ ಹಿಡಿದಿಟ್ಕೊಳ್ಳುತ್ತೆ, ಒಣಗಿದ ಚರ್ಮಕ್ಕಿಂತ ಒದ್ದೆ ಚರ್ಮದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತೆ. ನೀರಿನಂಶ ಇರೋ ಚರ್ಮ ನುಣುಪಾಗಿರುತ್ತೆ, ಬೆಳಕು ಬಿದ್ರೆ ಒಂದೇ ಸಮ ಹೊಳೆಯುತ್ತೆ, ಒಣಗಿ ಸಿಪ್ಪೆ ಎದ್ದಿರೋ ಚರ್ಮದ ಮೇಲೆ ಬಿದ್ದ ಬೆಳಕು ಚೆದುರಿಹೋಗಿ ಮುಖ ಮಂಕಾಗಿ ಕಾಣುತ್ತೆ. ಗ್ಲೋ ಅನ್ನೋದರ ಗುಟ್ಟೆಲ್ಲ ಇಷ್ಟೇ. ಇದೇ ಹೊತ್ತಿಗೆ ತುಟಿಗೂ ಸ್ವಲ್ಪ ಬಾಮ್ ಹಚ್ಚಿಬಿಡಿ, ಕೊನೆಗೆ ಲಿಪ್‌ಸ್ಟಿಕ್ ಹಾಕೋ ಹೊತ್ತಿಗೆ ಮೆತ್ತಗಾಗಿರುತ್ತೆ.

ಆಮೇಲೆ ಸನ್‌ಸ್ಕ್ರೀನ್. ಇದನ್ನ ಬಿಟ್ಟು ಮೇಕಪ್ ಮಾಡೋದು ಬೇಡವೇ ಬೇಡ. ಎಸ್‌ಪಿಎಫ್ ಅಂದ್ರೆ ಸನ್‌ಸ್ಕ್ರೀನ್ ಎಷ್ಟು ರಕ್ಷಣೆ ಕೊಡುತ್ತೆ ಅನ್ನೋದರ ನಂಬರ್, 30 ಇರೋದು ಸರಿಯಾಗಿ ಹಚ್ಚಿದ್ರೆ ಬಿಸಿಲಲ್ಲಿ ಚರ್ಮ ಸುಡೋ ಯುವಿಬಿ ಕಿರಣಗಳಲ್ಲಿ ಸುಮಾರು 97 ಪರ್ಸೆಂಟ್ ತಡೆಯುತ್ತೆ, 50 ಇರೋದು ಸುಮಾರು 98, ಅಂದ್ರೆ ನಂಬರ್ ಏರಿದ ಹಾಗೆ ರಕ್ಷಣೆ ಡಬಲ್ ಆಗಲ್ಲ, ಎಷ್ಟು ಹಚ್ತೀವಿ ಅನ್ನೋದೇ ಮುಖ್ಯ. ತೋರುಬೆರಳು, ಮಧ್ಯದ ಬೆರಳು, ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದ್ರೆ ಮುಖ ಕುತ್ತಿಗೆಗೆ ಸರಿಹೋಗುತ್ತೆ. ನಮ್ಮಲ್ಲಿ ಎಷ್ಟೋ ಜನ ಕಡ್ಲೆಕಾಳಷ್ಟು ಹಚ್ಚಿ ಸನ್‌ಸ್ಕ್ರೀನ್ ಕೆಲಸ ಮಾಡಲ್ಲ ಅಂತಾರೆ, ಅಷ್ಟು ಕಮ್ಮಿ ಹಚ್ಚಿದ್ರೆ ಡಬ್ಬಿ ಮೇಲೆ ಬರೆದಿರೋ ರಕ್ಷಣೆ ಸಿಗೋದೇ ಇಲ್ಲ. ಬಿಸಿಲಲ್ಲಿರೋ, ಚರ್ಮದ ಇನ್ನೂ ಆಳಕ್ಕೆ ಇಳಿಯೋ ಯುವಿಎ ಕಿರಣಗಳಿಗೆ ಪಿಎ ಅಂತ ಬರೆದು ಪ್ಲಸ್ ಗುರುತು ಹಾಕಿರ್ತಾರೆ, ಮೂರು ನಾಲ್ಕು ಪ್ಲಸ್ ಇರೋದು ತಗೊಳ್ಳಿ.

ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಜಾಸ್ತಿ ಇರೋ ಕ್ರೀಮ್ ನಮ್ಮ ಬಣ್ಣದ ಮೇಲೆ ಬೂದಿ ಬಳಿದ ಹಾಗೆ ಕಾಣಬಹುದು, ಅಂಥೋರು ಟಿಂಟೆಡ್, ಅಂದ್ರೆ ಚರ್ಮದ ಬಣ್ಣ ಸೇರಿಸಿರೋ ಸನ್‌ಸ್ಕ್ರೀನ್ ನೋಡಿ. ಅದರಲ್ಲಿ ಐರನ್ ಆಕ್ಸೈಡ್ ಇರುತ್ತೆ, ಕಣ್ಣಿಗೆ ಕಾಣೋ ಬೆಳಕನ್ನೂ ಸ್ವಲ್ಪ ತಡೆಯುತ್ತೆ, ಬಂಗು ಇರೋರಿಗೆ ಡಾಕ್ಟರ್‌ಗಳು ಅದನ್ನ ಹೇಳೋದು ಇದಕ್ಕೇ, ಯಾಕಂದ್ರೆ ಕಂದು ಚರ್ಮದಲ್ಲಿ ಆ ಬೆಳಕಿಂದ್ಲೂ ಕಲೆ ಗಾಢ ಆಗುತ್ತೆ. ಶೇಡ್ ಹೊಂದಿದ್ರೆ ಫೌಂಡೇಶನ್ನಿನ ಕೆಲಸನೂ ಅದರಲ್ಲೇ ಆಗೋಯ್ತು.

ಹಚ್ಚಿದ ಮೇಲೆ ಒಂದೈದು ನಿಮಿಷ ಬಿಡಿ, ಅಷ್ಟರಲ್ಲಿ ಊಟದ ಡಬ್ಬಿ ಕಟ್ಟಿ, ಕಾಫಿ ಕುಡೀರಿ, ಜಡೆ ಹಾಕ್ಕೊಳ್ಳಿ. ಈ ಟೈಮ್ ಹತ್ತು ನಿಮಿಷದ ಲೆಕ್ಕಕ್ಕೆ ಸೇರಿಲ್ಲ. ಹಸಿ ಇರೋವಾಗ್ಲೇ ಅದರ ಮೇಲೆ ಇನ್ನೊಂದು ಕ್ರೀಮ್ ತಿಕ್ಕಿದ್ರೆ ರಬ್ಬರಿನ ಪುಡಿ ಥರ ಉಂಡೆ ಉಂಡೆಯಾಗಿ ಉದುರುತ್ತೆ. ಮತ್ತೆ ಟೈಮ್ ಉಳಿಸೋಕೆ ಅಂತ ಸನ್‌ಸ್ಕ್ರೀನಿಗೇ ಫೌಂಡೇಶನ್ ಕಲಸಬೇಡಿ, ಅದು ಚರ್ಮದ ಮೇಲೆ ಸಮನಾಗಿ ಪದರ ಕಟ್ಟೋದು ತಪ್ಪಿಹೋಗುತ್ತೆ.

ಶೇಡ್ ಆರಿಸೋದು ಹೇಗೆ

ಇಲ್ಲೇ ಎಲ್ಲರೂ ಎಡವೋದು. ಅಂಗಡಿಲಿ ಕೈ ಮೇಲೆ ಗೀರಿ ನೋಡ್ತಾರೆ, ಕೈ ಬಣ್ಣನೇ ಬೇರೆ ಮುಖದ್ದೇ ಬೇರೆ. ದವಡೆ ಮೂಳೆ ಹತ್ರ, ಮುಖ ಮುಗಿದು ಕುತ್ತಿಗೆ ಶುರುವಾಗೋ ಜಾಗದಲ್ಲಿ, ಹತ್ರಹತ್ರದ ಮೂರು ಶೇಡ್ ಪಕ್ಕಪಕ್ಕ ಗೆರೆ ಎಳೆದು ಅಂಗಡಿಯಿಂದ ಹೊರಗೆ ಬಂದು ಹಗಲು ಬೆಳಕಲ್ಲಿ ನೋಡಿ, ಯಾವ ಗೆರೆ ಕಾಣದ ಹಾಗೆ ಮಾಯ ಆಗುತ್ತೋ ಅದು ನಿಮ್ಮದು. ತಕ್ಷಣ ದುಡ್ಡು ಕೊಡಬೇಡಿ, ಹತ್ತು ಹದಿನೈದು ನಿಮಿಷ ಓಡಾಡಿ ಬನ್ನಿ, ಕೆಲವು ಫೌಂಡೇಶನ್ ಗಾಳಿಗೆ, ಮುಖದ ಎಣ್ಣೆಗೆ ಸೇರಿ ಒಂದು ಶೇಡ್ ಕಪ್ಪಾಗುತ್ತೆ. ನಮ್ಮಲ್ಲಿ ತುಂಬಾ ಜನರ ಚರ್ಮದಲ್ಲಿ ಹಳದಿ ಛಾಯೆ ಇರುತ್ತೆ, ಅದರ ಮೇಲೆ ಗುಲಾಬಿ ಛಾಯೆಯ ಶೇಡ್ ಬಿದ್ರೆ ಬೂದಿ ಬಣ್ಣಕ್ಕೆ ತಿರುಗುತ್ತೆ, ನನ್ನ ತಂಗಿಗೆ ಆಗಿದ್ದು ಅದೇ.

"ಸ್ವಲ್ಪ ಬೆಳ್ಳಗೆ ಕಾಣೋದು ಕೊಡ್ತೀನಿ" ಅಂತ ಅಂಗಡಿಯೋರು ಹೇಳಿದ್ರೆ ಬೇಡ ಅನ್ನಿ, ಧೈರ್ಯವಾಗಿ ಹೇಳಿ. 1975ರಿಂದ ನಮ್ಮ ದೇಶದಲ್ಲಿ ಮಾರಾಟ ಆಗ್ತಿದ್ದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಾಯಿಸ್ಕೊಂಡು ಗ್ಲೋ ಅಂಡ್ ಲವ್ಲಿ ಆಯ್ತು, ಆದ್ರೆ ನಮ್ಮ ಮನೆಗಳಲ್ಲಿ ಮದುವೆ ಮಾತು ಬಂದಾಗ ಬಣ್ಣದ ಮಾತು ಇನ್ನೂ ನಿಂತಿಲ್ಲ, ಅದು ನನಗೆ ನಿಜವಾಗ್ಲೂ ಬೇಜಾರು. ಲೇಬಲ್ ಇಲ್ಲದ ಡಬ್ಬಿಲಿ ಒಂದೇ ವಾರಕ್ಕೆ ಬೆಳ್ಳಗಾಗ್ತೀರ ಅಂತ ಮಾರೋ ಕ್ರೀಮ್‌ಗಳನ್ನಂತೂ ಮುಟ್ಟಲೇಬೇಡಿ. ಅಂಥದರಲ್ಲಿ ಪಾದರಸನೋ ಸ್ಟೀರಾಯ್ಡೋ ಸಿಕ್ಕಿರೋ ಉದಾಹರಣೆ ಬೇಕಾದಷ್ಟಿದೆ, ಪಾದರಸದಿಂದ ಕಿಡ್ನಿ ಹಾಳಾಗುತ್ತೆ, ಸ್ಟೀರಾಯ್ಡಿಂದ ಚರ್ಮ ತೆಳುವಾಗಿ ಕೆಂಪಾಗಿ ಉರಿಯುತ್ತೆ.

ಇಡೀ ಮುಖಕ್ಕೆ ಬಳಿಯೋದು ಬೇಡ

ಈಗ ಗಡಿಯಾರ ನೋಡ್ಕೊಳ್ಳಿ. ಮುಖನ ಕಿಟಕಿ ಕಡೆ ತಿರುಗಿಸಿ, ಎಲ್ಲಿ ಬೇಕೋ ಅಲ್ಲಿ ಮಾತ್ರ ಹಚ್ಚಿ, ಸಾಮಾನ್ಯವಾಗಿ ಮೂಗಿನ ಪಕ್ಕ, ಬಾಯಿ ಸುತ್ತ ಕಪ್ಪಾಗಿರೋ ಜಾಗ, ಹಳೇ ಮೊಡವೆ ಕಲೆ. ಫೌಂಡೇಶನ್ ಆದ್ರೆ ಬಟಾಣಿಯ ಅರ್ಧದಷ್ಟು ಸಾಕು, ಮುಖದ ಮಧ್ಯದಿಂದ ಹೊರಗೆ ಹರಡ್ತಾ ಅಂಚಿಗೆ ಬರೋ ಹೊತ್ತಿಗೆ ಬೆರಳಲ್ಲಿ ಏನೂ ಉಳಿದಿರಬಾರದು.

ಕಣ್ಣ ಕೆಳಗಿನ ಕಪ್ಪಿಗೆ ಬರೀ ತೆಳು ಬಣ್ಣದ ಕನ್ಸೀಲರ್ ಹಚ್ಚಿದ್ರೆ ಅಲ್ಲಿ ಬೂದಿ ಬಣ್ಣ ಕಾಣುತ್ತೆ. ಆ ಕಪ್ಪಲ್ಲಿ ನೀಲಿ ಛಾಯೆ ಇರುತ್ತೆ, ನೀಲಿಗೆ ಎದುರು ಬಣ್ಣ ಕಿತ್ತಳೆ, ಅದಕ್ಕೇ ಮೊದಲು ಪೀಚ್ ಅಥವಾ ಕಿತ್ತಳೆ ಬಣ್ಣದ ಕರೆಕ್ಟರ್ ಸಾಸಿವೆ ಕಾಳಷ್ಟು ಹಚ್ಚಿ ಆಮೇಲೆ ಕನ್ಸೀಲರ್. ಹಚ್ಚೋ ಜಾಗ ಮೂಗಿನ ಕಡೆ ಇರೋ ಒಳಮೂಲೆ, ಅಲ್ಲೇ ಕಪ್ಪು ಜಾಸ್ತಿ. ಉಂಗುರದ ಬೆರಳಲ್ಲಿ ತಟ್ಟಿ, ಅದರ ಒತ್ತಡ ತೋರುಬೆರಳಿಗಿಂತ ಕಮ್ಮಿ, ಮಳೆಹನಿ ಬಿದ್ದ ಹಾಗೆ ತಟತಟ ತಟ್ಟಬೇಕು, ಎಳೀಬಾರದು. ನಗೋವಾಗ ಗೆರೆ ಬೀಳೋ ಜಾಗಕ್ಕೆ ಹಚ್ಚಲೇಬೇಡಿ, ಮಧ್ಯಾಹ್ನದ ಹೊತ್ತಿಗೆ ಅಲ್ಲೇ ಕೂತು ಬಿರುಕು ಬಿಡುತ್ತೆ.

ಕೆನ್ನೆಗೆ ಲಿಪ್‌ಸ್ಟಿಕ್ಕೇ ಸಾಕು

ಬ್ಲಶ್ ಬೇರೆ ತಗೊಳ್ಳಬೇಕು ಅಂತೇನಿಲ್ಲ. ಲಿಪ್‌ಸ್ಟಿಕ್ಕನ್ನ ಮೊದಲು ಕೈ ಹಿಂಭಾಗಕ್ಕೆ ಒತ್ತಿ, ಅಲ್ಲಿಂದ ಬೆರಳ ತುದಿಗೆ ತಗೊಂಡು ಕೆನ್ನೆ ಮೂಳೆ ಮೇಲೆ ಎರಡು ಚುಕ್ಕಿ ಇಟ್ಟು ಕಿವಿ ಕಡೆ ಮೇಲ್ಮುಖವಾಗಿ ತಟ್ಟಿ. ಮೂಗಿನ ತುದಿಗಿಂತ ಕೆಳಗೆ ಬಣ್ಣ ಇಳಿದ್ರೆ ಮುಖ ಜೋತುಬಿದ್ದ ಹಾಗೆ ಕಾಣುತ್ತೆ. ಬಣ್ಣ ಯಾವುದು ಅಂದ್ರೆ, ಬಿಸಿಲಲ್ಲಿ ನಡೆದು ಬಂದಾಗ ನಮ್ಮ ಕೆನ್ನೆಗೆ ಬರೋ ಕೆಂಪು ನೋಡಿ, ಇಟ್ಟಿಗೆ ಬಣ್ಣಕ್ಕೆ ಹತ್ರ ಇರುತ್ತೆ, ಹಾಗಾಗಿ ಇಟ್ಟಿಗೆ ಕೆಂಪು, ನೇರಳೆ ಹಣ್ಣಿನ ರಸದ ಬಣ್ಣ, ಗಾಢ ಗುಲಾಬಿ ನಮಗೆ ಸಹಜ. ತೀರಾ ತೆಳು ಬೇಬಿ ಪಿಂಕ್ ಕಂದು ಚರ್ಮದ ಮೇಲೆ ಸೀಮೆಸುಣ್ಣದ ಪುಡಿ ಥರ ಕೂರುತ್ತೆ. ಮೊಡವೆ ಜಾಸ್ತಿ ಇರೋರು ಮಾತ್ರ ಲಿಪ್‌ಸ್ಟಿಕ್ ಬಿಟ್ಟು ಕೆನ್ನೆಗೇ ಅಂತ ಮಾಡಿರೋ ಬ್ಲಶ್ ತಗೊಳ್ಳೋದು ಒಳ್ಳೇದು.

ಪೌಡರ್ ಹಣೆ ಮಧ್ಯ, ಮೂಗಿನ ಪಕ್ಕ, ಗಲ್ಲಕ್ಕೆ ಮಾತ್ರ. ಕೆನ್ನೆಗೆ ಹಾಕಿದ್ರೆ ಇಷ್ಟೊತ್ತು ತಂದ ಕಳೆ ಅಲ್ಲಿಗೇ ಹೋಯ್ತು. ಮಂಗಳೂರು, ಉಡುಪಿ ಕಡೆಯ ಸೆಕೆಗೆ ಇನ್ನೊಂಚೂರು ಬೇಕಾಗುತ್ತೆ, ಕಲಬುರ್ಗಿ, ವಿಜಯಪುರದ ಚಳಿಗಾಲದ ಒಣಗಾಳಿಗೆ ಪೌಡರ್ ಇಲ್ದಿದ್ರೂ ಆಗುತ್ತೆ. ಮಿಂಚು ಮಿಂಚು ಹೈಲೈಟರ್ ಹಗಲು ಬೆಳಕಲ್ಲಿ ರಂಧ್ರಗಳನ್ನೆಲ್ಲ ಎತ್ತಿ ತೋರಿಸುತ್ತೆ, ಅದರ ಬದಲು ತುಟಿ ಬಾಮನ್ನೇ ಬೆರಳಿಗೆ ಸವರಿ ಕೆನ್ನೆ ಮೂಳೆಯ ಮೇಲ್ತುದಿಗೆ ಒಂದ್ಸಲ ಒತ್ತಿ ನೋಡಿ.

ಕಣ್ಣು, ಹುಬ್ಬು, ತುಟಿ

ನಮ್ಮಜ್ಜಿ ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ, ಮಸಿ ಕಟ್ಟಿದ ಮೇಲೆ ಕೆರೆದು ತುಪ್ಪದಲ್ಲಿ ಕಲಸಿ ಕಾಡಿಗೆ ಮಾಡ್ತಿದ್ರು, ಆ ಚಿಕ್ಕ ಬೆಳ್ಳಿ ಕರಡಿಗೆ ಇನ್ನೂ ನನ್ನ ಹತ್ರ ಇದೆ. ದಿನಬಳಕೆಗೆ ಈಗ ಪೆನ್ಸಿಲ್ಲೇ ಅನುಕೂಲ. ಸಂತೆ ಜಾತ್ರೆಯಲ್ಲಿ ಬಿಡಿಯಾಗಿ ಮಾರೋ ಸುರ್ಮಾ ಬೇಡ, ಅದರಲ್ಲಿ ಸೀಸ ಇರೋ ಸಾಧ್ಯತೆ ಇದೆ. ಕಾಡಿಗೆ ಕೆಳಗಿನ ಅಂಚಿಗೆ ತುಂಬಾ ಹಚ್ಚಿದ್ರೆ ಬೆವರಿಗೆ ಇಳಿದು ಕಣ್ಣ ಕೆಳಗೆ ಹರಡುತ್ತೆ, ಆಗ ಮಾಡಿದ್ದ ಕನ್ಸೀಲರ್ ಎಲ್ಲಾ ವೇಸ್ಟ್. ಮೇಲಿನ ರೆಪ್ಪೆಯ ಕೂದಲ ಸಂದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಇಡ್ತಾ ಹೋಗಿ, ಗೆರೆ ಎಳೆದ ಹಾಗೆ ಕಾಣಲ್ಲ, ರೆಪ್ಪೆನೇ ದಟ್ಟ ಇದೆ ಅನ್ಸುತ್ತೆ. ಅದರ ಮೇಲೆ ಕಂದು ಐಶ್ಯಾಡೋ ಒಂಚೂರು ಒತ್ತಿದ್ರೆ ಸಂಜೆವರೆಗೂ ಅಲ್ಲಾಡಲ್ಲ.

ಹುಬ್ಬು ಬಾಚಿ, ಖಾಲಿ ಇರೋ ಜಾಗಕ್ಕೆ ಮಾತ್ರ ಗಾಢ ಕಂದು ಪೆನ್ಸಿಲ್. ತುಟಿಯ ಬಾಮ್ ಒರೆಸಿ, ಅದೇ ಲಿಪ್‌ಸ್ಟಿಕ್ ಮಧ್ಯಕ್ಕಿಟ್ಟು ಬೆರಳಲ್ಲಿ ಅಂಚಿನವರೆಗೂ ತಟ್ಟಿ. ಕೆನ್ನೆ ತುಟಿ ಒಂದೇ ಬಣ್ಣ ಆದಾಗ ಮುಖಕ್ಕೆ ಒಂದು ಹೊಂದಾಣಿಕೆ ಬರುತ್ತೆ.

ಇಡೋರು ಕೊನೆಗೆ ಬೊಟ್ಟು ಇಟ್ಕೊಳ್ಳಿ. ಸ್ಟಿಕ್ಕರ್ ಆದ್ರೆ, ನಮ್ಮ ಉತ್ತರ ಕರ್ನಾಟಕದೋರ ಟಿಕಳಿ ಆದ್ರೆ, ಒಂದು ಮಾತು. ಕೆಲವು ಅಂಟಿನಲ್ಲಿ ಪಿಟಿಬಿಪಿ ಅನ್ನೋ ರಾಸಾಯನಿಕ ಇರುತ್ತೆ, ಅದು ಕೆಲವರಿಗೆ ಆ ಜಾಗದ ಬಣ್ಣವನ್ನೇ ಕೊಂದು ಬಿಳಿ ಮಚ್ಚೆ ಮಾಡುತ್ತೆ. ತುರಿಕೆ ಆದ್ರೆ, ಬಣ್ಣ ತೆಳುವಾಗ್ತಿದ್ರೆ ಸ್ಟಿಕ್ಕರ್ ಅವತ್ತೇ ನಿಲ್ಸಿ, ಚರ್ಮದ ಡಾಕ್ಟರಿಗೆ ತೋರ್ಸಿ. ರಾತ್ರಿ ಮಲಗೋವಾಗ ಯಾರೇ ಆದ್ರೂ ತೆಗೆದಿಟ್ಟು ಮಲಗಿ.

ಮಧ್ಯಾಹ್ನ ಮತ್ತೆ ರಾತ್ರಿ

ಊಟದ ಹೊತ್ತಿಗೆ ಮುಖ ಜಿಡ್ಡಾದ್ರೆ ಪೌಡರ್ ಮೇಲೆ ಪೌಡರ್ ಹಾಕ್ತಾ ಹೋಗಬೇಡಿ, ಟಿಶ್ಯೂ ಒತ್ತಿ ಎಣ್ಣೆ ತೆಗೀರಿ ಅಷ್ಟೇ. ಬಿಸಿಲಲ್ಲೇ ಓಡಾಡೋ ಕೆಲಸ ಆದ್ರೆ ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಮತ್ತೆ ಹಚ್ಚಬೇಕು, ಸ್ಟಿಕ್ ಥರ ಬರೋದು ಬ್ಯಾಗಲ್ಲಿಟ್ಕೊಳ್ಳಿ.

ರಾತ್ರಿ ಎಷ್ಟೇ ಸುಸ್ತಾಗಿದ್ರೂ ತೆಗೀದೆ ಮಲಗಬೇಡಿ. ಒಣ ಮುಖಕ್ಕೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ತೀಡಿದ್ರೆ ಸನ್‌ಸ್ಕ್ರೀನ್, ಲಿಪ್‌ಸ್ಟಿಕ್ ಎಲ್ಲಾ ಕರಗುತ್ತೆ, ಆಮೇಲೆ ಫೇಸ್‌ವಾಶ್. ಮೊಡವೆ ಇರೋರಿಗೆ ಕೊಬ್ಬರಿ ಎಣ್ಣೆ ಆಗಿಬರಲ್ಲ, ಮೇಕಪ್ ತೆಗೆಯೋಕೆ ಅಂತಲೇ ಬರೋ ಮೈಸೆಲ್ಲಾರ್ ವಾಟರ್ ತಗೊಳ್ಳಿ. ಕಾಡಿಗೆ ತೆಗೆಯೋಕೆ ಅದರಲ್ಲೇ ಹತ್ತಿ ಒದ್ದೆ ಮಾಡಿ, ಕಣ್ಣು ಮುಚ್ಚಿ ರೆಪ್ಪೆ ಮೇಲೆ ಹದಿನೈದು ಎಣಿಸೋವರೆಗೂ ಹಾಗೇ ಒತ್ತಿ ಹಿಡೀರಿ, ಆಮೇಲೆ ಕೆಳಗೆ ಜಾರಿಸಿದ್ರೆ ಕಪ್ಪೆಲ್ಲಾ ಹತ್ತಿಗೆ ಬರುತ್ತೆ, ಉಜ್ಜೋ ಅಗತ್ಯನೇ ಬೀಳಲ್ಲ.