12×15 ಫ್ರೇಮಿಗೆ ಮೊಬೈಲ್ ಫೋಟೊ: ತಲೆ ಕತ್ತರಿಸದೆ ಕ್ರಾಪ್ ಮಾಡುವ ನನ್ನ ಲೆಕ್ಕ

ಗಿರಾಕಿ ತರುವುದು ವಾಟ್ಸಾಪ್‌ನಲ್ಲಿ ಬಂದ 3:4 ಫೋಟೊ, ಕೇಳುವುದು 12×15 ಫ್ರೇಮ್. ಹಾರ ಹಾಕುವ ಫೋಟೊಗಳಲ್ಲಿ ಮುಕ್ಕಾಲು ಪಾಲು ಹೀಗೇ. 12 ಇಂಚು ಅಗಲಕ್ಕೆ ಆ ಫೋಟೊ 16 ಇಂಚು ಉದ್ದ ಬೇಡುತ್ತದೆ, ಇರುವುದು 15. ಒಂದಿಂಚು ಅಲ್ಲೇ ಹೋಯಿತು. ಫ್ರೇಮಿನ ಅಂಚು ಮೇಲೆ ಕಾಲಿಂಚು, ಕೆಳಗೆ ಕಾಲಿಂಚು ನುಂಗುತ್ತದೆ. ಕೂದಲು ಮೇಲಂಚಿಗೆ ತಾಗಿರುವ ಸೆಲ್ಫಿಯಾದರೆ ಕತ್ತರಿ ಹಣೆಗೇ ಬರುತ್ತದೆ. ಇದಕ್ಕೆ ನಮ್ಮ ಕಡೆ ಚಾಲ್ತಿಯಲ್ಲಿರುವ ಪರಿಹಾರ ಎರಡು: ಫೋಟೊ ಕುಗ್ಗಿಸಿ ಅಕ್ಕಪಕ್ಕ ಬ್ಲರ್ ತುಂಬುವುದು, ಇಲ್ಲವೇ ಅಡ್ಡಕ್ಕೆ ಎಳೆದು ಮುಖ ಊದಿಸುವುದು. ಎರಡೂ ಬೇಡ, ಫೋಟೊ ಸುತ್ತ ಕೂರುವ ರಟ್ಟಿನ ಪಟ್ಟಿಯಲ್ಲೇ, ಅಂದರೆ ಮೌಂಟಿನಲ್ಲೇ, ರೇಶಿಯೊ (ಅಗಲ-ಉದ್ದದ ಪ್ರಮಾಣ) ಹೊಂದಿಸುತ್ತೇನೆ ಅಂದಾಗ ಫ್ರೇಮ್ ಕೆಲಸದವರು "ಖಾಲಿ ರಟ್ಟಿಗೆ ಯಾರು ಸ್ವಾಮಿ ದುಡ್ಡು ಕೊಡ್ತಾರೆ" ಅಂದಿದ್ದರು. ಈಗ ಅವರೇ ಅಳತೆ ಕೇಳಿಕೊಂಡು ಹೋಗುತ್ತಾರೆ.

ನಾಲ್ಕೂ ಕಡೆ ಒಂದೇ ಅಗಲದ ಮೌಂಟ್ ಹಾಕಿದರೆ ಒಳಗೆ ಫೋಟೊ ಕಾಣುವ ಕಿಂಡಿಗೆ ಫ್ರೇಮಿನ ರೇಶಿಯೊ ಉಳಿಯುವುದಿಲ್ಲ. 12×15ರಲ್ಲಿ ಒಂದೂವರೆ ಇಂಚು ಬಿಟ್ಟರೆ ಉಳಿಯುವುದು 9×12, ಅಂದರೆ ಸರಿಯಾಗಿ 3:4. ಮೊಬೈಲ್ ಫೋಟೊ ಇಡಿಯಾಗಿ ಕೂರುತ್ತದೆ. ಇನ್ನೊಂದು ಲಾಭ ಪಿಕ್ಸೆಲ್‌ನದು. ವಾಟ್ಸಾಪ್ ಫೋಟೊ ಸುಮಾರು 1200×1600 ಇರುತ್ತದೆ. 12 ಇಂಚು ಅಗಲಕ್ಕೆ ಹಿಗ್ಗಿಸಿದರೆ ಇಂಚಿಗೆ 100 ಪಿಕ್ಸೆಲ್, 9 ಇಂಚಿಗಾದರೆ 133. ನೋಡುವ ಕಣ್ಣಿಗೆ ಈ ವ್ಯತ್ಯಾಸ ದೊಡ್ಡದು. ಗಂಧದ ಹಾರವೂ ಹಣೆಯ ಮೇಲೆ ಬೀಳದೆ ಮೌಂಟಿನ ಮೇಲೇ ನಿಲ್ಲುತ್ತದೆ.

ಆದರೆ ಕಿಂಡಿ 9×12, ಪ್ರಿಂಟೂ 9×12 ಆದರೆ ಕೆಲಸ ಕೆಡುತ್ತದೆ. ಹಿಂದಿನ ಟೇಪ್ ಕೂದಲೆಳೆಯಷ್ಟು ಜಾರಿದರೂ ಒಂದು ಬದಿಯಲ್ಲಿ ಬಿಳಿ ಗೆರೆ ಕಾಣುತ್ತದೆ. ಅದಕ್ಕೆ ಪ್ರಿಂಟನ್ನು 9.25×12.25 ಮಾಡಿ ನೋಡಿದ್ದಾಯಿತು. ದಶಮಾಂಶದ ರಗಳೆ ಬೇಡವೆಂದರೆ ರೇಶಿಯೊ ಖಾನೆಯಲ್ಲಿ 37:49 ಹೊಡೆದರೂ ಅದೇ. ಕೂರುವುದೇನೋ ಚೆನ್ನಾಗಿ ಕೂರುತ್ತದೆ, ಹೊಡೆತ ಬೀಳುವುದು ಲ್ಯಾಬಿನ ಬಿಲ್ಲಿನಲ್ಲಿ. ಒಂದೊಂದಕ್ಕೂ ಒಂದೊಂದು 12×15 ಹಾಳೆ, ನಮ್ಮಲ್ಲಿ 80 ರೂಪಾಯಿ ಹತ್ತಿರ. 12×18ರಲ್ಲಿ ಎರಡು ಹಾಕೋಣವೆಂದರೆ 9.25ರ ಎರಡರಷ್ಟು 18.5, ಅರ್ಧ ಇಂಚಿಗೆ ತಪ್ಪುತ್ತದೆ.

ಕೊನೆಗೆ ನಿಂತದ್ದು ಉಲ್ಟಾ ಲೆಕ್ಕ. ಪ್ರಿಂಟ್ 9×12 ಗಟ್ಟಿ. ಕಿಂಡಿಯನ್ನೇ 8¾×11¾ಕ್ಕೆ ಇಳಿಸಿ. ಮೌಂಟ್ ಅಗಲ 1⅝ ಇಂಚು. ಸುತ್ತ ⅛ ಇಂಚು, ಅಂದರೆ 3 ಮಿ.ಮೀ. ಒಳಗೆ ಅಡಗುತ್ತದೆ. ಲ್ಯಾಬ್ ಮಷಿನ್ ಅಂಚಿನಲ್ಲಿ ತಿನ್ನುವ ಒಂದೆರಡು ಮಿ.ಮೀ. ಕೂಡ ಅಲ್ಲೇ ಮುಚ್ಚಿಹೋಗುತ್ತದೆ. 12×18ರಲ್ಲಿ ನಟ್ಟನಡುವೆ ಕತ್ತರಿಸಿದರೆ ಎರಡು ಫೋಟೊ. ಆ ಹಾಳೆ ನನಗೆ ನೂರರೊಳಗೆ ಬರುತ್ತದೆ, ತಲಾ 50 ಬಿದ್ದಂತಾಯಿತು.

ಫೋಟೊಶಾಪ್‌ನಲ್ಲಿ ಮೊದಲು ಫೋಟೊ ನೇರ ಮಾಡಿ, ಆಮೇಲೆ ಕ್ರಾಪ್. ಮೇಲಿನ ಪಟ್ಟಿಯಲ್ಲಿ 'ರೇಶಿಯೊ' ಆಯ್ಕೆಯೇ ಇರಲಿ, 3 ಮತ್ತು 4 ಹಾಕಿ. ಅಡ್ಡ-ಉದ್ದ ಬದಲಿಸಲು ಎಕ್ಸ್ ಒತ್ತಿದರೆ ಸಾಕು. ಅಗಲ, ಉದ್ದ, ರೆಸಲ್ಯೂಷನ್ (ಇಂಚಿಗೆ ಎಷ್ಟು ಪಿಕ್ಸೆಲ್) ಮೂರೂ ಇರುವ ಆಯ್ಕೆ ಮುಟ್ಟಬೇಡಿ. ಹಳೆ ಕೆಲಸದ 300 ಅಲ್ಲೇ ಕೂತಿದ್ದರೆ ಕ್ರಾಪ್ ಒತ್ತಿದ ತಕ್ಷಣ ಹೇಳದೆ ಕೇಳದೆ ಪಿಕ್ಸೆಲ್ ಹಿಗ್ಗಿಸುತ್ತದೆ. ಎರಡನೇ ಸಲ ಕ್ರಾಪ್ ಮಾಡಿದರೆ ಹಿಗ್ಗಿದ್ದನ್ನೇ ಮತ್ತೆ ಹಿಗ್ಗಿಸುತ್ತದೆ, ಕೆನ್ನೆ ಪ್ಲಾಸ್ಟಿಕ್ ಆಗುತ್ತದೆ. 'ಡಿಲೀಟ್ ಕ್ರಾಪ್ಡ್ ಪಿಕ್ಸೆಲ್ಸ್' ಟಿಕ್ ತೆಗೆದು ಪಿಎಸ್‌ಡಿ ಫೈಲ್ ಇಟ್ಟುಕೊಳ್ಳಿ. ವರ್ಷಾಬ್ದಿಕಕ್ಕೆ ಬೇರೆ ಸೈಜ್ ಕೇಳಿಕೊಂಡು ಬಂದೇ ಬರುತ್ತಾರೆ.

ಆಮೇಲೆ ಇಮೇಜ್ ಸೈಜ್‌ನಲ್ಲಿ ರೀಸ್ಯಾಂಪಲ್ (ಪಿಕ್ಸೆಲ್ ಸಂಖ್ಯೆ ಬದಲಿಸುವ ಆಯ್ಕೆ) ಟಿಕ್ ತೆಗೆದು ಅಗಲ 9 ಇಂಚು ಹಾಕಿ. ಉದ್ದ ತಾನಾಗಿ 12 ತೋರಿಸಬೇಕು. 11.6 ಅಂದರೆ ಕ್ರಾಪ್ ತಪ್ಪಿದೆ, ವಾಪಸ್ ಹೋಗಿ. ಸರಿಯಿದ್ದರೆ ಈಗ ರೀಸ್ಯಾಂಪಲ್ ಹಾಕಿ 300ಕ್ಕೆ ಒಯ್ಯಿರಿ, 2700×3600 ಆಗುತ್ತದೆ. ಹಿಗ್ಗಿಸುವುದು ಒಂದೇ ಸಲ, ಅದೂ ಕೊನೆಗೆ. ಕ್ಯಾನ್ವಾಸ್ 5400×3600 ಮಾಡಿ, ಎಡಕ್ಕೊಂದು ಬಲಕ್ಕೊಂದು ಕೂರಿಸಿ ಕಳಿಸಿ. ಅಳತೆ ಪಕ್ಕಾ ಇದ್ದರೆ ಲ್ಯಾಬ್ ಸಾಫ್ಟ್‌ವೇರಿಗೆ ತಾನೇ ಕ್ರಾಪ್ ಮಾಡುವ ಅವಕಾಶವೇ ಸಿಗುವುದಿಲ್ಲ. ಫೋಟೊಶಾಪ್ ಬದಲು ಗಿಂಪ್ ಸಾಫ್ಟ್‌ವೇರ್ ಬಳಸುವವರು ಕ್ರಾಪ್ ಟೂಲಿನಲ್ಲಿ ಫಿಕ್ಸ್ಡ್ ಆಸ್ಪೆಕ್ಟ್ ರೇಶಿಯೊ 3:4 ಕೊಟ್ಟರೆ ಉಳಿದದ್ದೆಲ್ಲ ಇದೇ ದಾರಿ.

ತಲೆಯ ಮೇಲೆ ಜಾಗವೇ ಇಲ್ಲದ ಫೋಟೊಗೆ ಕ್ರಾಪ್ ಚೌಕಟ್ಟನ್ನು ಫೋಟೊದಿಂದ ಹೊರಕ್ಕೆ, ಮೇಲಕ್ಕೆ ಎಳೆಯುತ್ತೇನೆ. ಆ ಖಾಲಿ ಪಟ್ಟಿಯನ್ನು ಗೋಡೆಯ ಬಣ್ಣ ಒಡೆಯದಂತೆ ತುಂಬುವ ಬಗೆ ಇಲ್ಲಿ ಬರೆಯಲಾರೆ, ನಮ್ಮ ಅಂಗಡಿ ನಡೆಯುವುದೇ ಅದರಿಂದ.

ಮೌಂಟ್ ಬೋರ್ಡಿನ ಉಳಿತಾಯ ನಾನೂ ನಿರೀಕ್ಷಿಸಿರಲಿಲ್ಲ. 32×40ರ ಹಾಳೆ ನಾನು ತಂದಾಗ 250ರ ಆಸುಪಾಸು ಇತ್ತು, 12×15ರ ಆರು ತುಂಡು ಬರುತ್ತವೆ. ಕಿಂಡಿಯಿಂದ ಬಿದ್ದ 8¾×11¾ ತುಂಡಿನಲ್ಲಿ 8×10ರ ಮೌಂಟ್ ಹುಟ್ಟುತ್ತದೆ: ಅಗಲ 1⅛, ಕಿಂಡಿ 5¾×7¾, ಪ್ರಿಂಟ್ 6×8, ಮತ್ತೆ 3:4. ಅದರಿಂದ ಬಿದ್ದ ತುಂಡಿನಲ್ಲಿ 5×7ರದು. ಅದಕ್ಕೆ ಮೌಂಟ್ ಅಗಲ ⅝ ಇಟ್ಟರೆ ಮಾಮೂಲಿ 4×6 ಪ್ರಿಂಟೇ ಸರಿಹೋಗುತ್ತದೆ. 6×8 ನಾಲ್ಕನ್ನು 12×18ರಲ್ಲಿ ಹಾಕಿದರೆ 2 ಇಂಚಿನ ಪಟ್ಟಿ ಉಳಿಯುತ್ತದೆ, ಅದರಲ್ಲಿ 35×45 ಮಿ.ಮೀ. ಪಾಸ್‌ಪೋರ್ಟ್ ಸೈಜ್ ಎಂಟು.

ಕ್ಯಾಮೆರಾದ 3:2 ಫೋಟೊ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. 12×15ರಲ್ಲಿ 3:2 ಕಿಂಡಿ ಬೇಕಾದರೆ ಮೌಂಟ್ 3 ಇಂಚು ಬೇಕು, ಫೋಟೊ 6×9ಕ್ಕೆ ಇಳಿದು ಗಿರಾಕಿ ಮುಖ ಸಿಂಡರಿಸುತ್ತಾರೆ. 12×18 ಫ್ರೇಮಿನಲ್ಲಿ ಸಮ ಮೌಂಟ್ ಹಾಕಿದರೆ ಕಿಂಡಿ ಇನ್ನೂ ಉದ್ದವಾಗಿ, ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿನವರ ತಲೆಗೆ ಬರುತ್ತದೆ. ಅಲ್ಲಿ ಮೇಲೆ ಕೆಳಗೆ 1⅝, ಅಕ್ಕಪಕ್ಕ 2⅜ ಬಿಟ್ಟು, ಪ್ರಿಂಟ್ 9×13½ ಕೊಡುತ್ತೇನೆ. ಕಟರ್ ಎರಡು ಸಲ ಸೆಟ್ ಮಾಡಬೇಕಾದ್ದರಿಂದ ಇದಕ್ಕೆ 50 ರೂಪಾಯಿ ಜಾಸ್ತಿ.